ಪುಂಗೋಲ್‌ನಿಂದ ಟ್ಯಾಲಿನ್‌ಗೆ ಹೋದ ಕೋಣೆ

ಸಾಮಾನಿನ ಸರ್ವೆಗೆಂದು ಯಾರ ಮನೆಗೆ ಹೋದರೂ ನಾನು ಮೊದಲು ಅಳೆಯುವುದು ಬಾಗಿಲಿನ ಅಗಲವನ್ನು. ಒಳಗೆ ಬಂದ ಸೋಫಾ ಹೊರಗೂ ಹೋಗುತ್ತದೆ ಎಂದು ಮನೆಯವರು ನಂಬಿರುತ್ತಾರೆ. ಎಷ್ಟೋ ಸಲ ಹಾಗಾಗುವುದಿಲ್ಲ. ಸಿಂಗಾಪುರದ ಪುಂಗೋಲ್ ಬಡಾವಣೆಯ ಆ ಹನ್ನೆರಡನೆಯ ಮಹಡಿಯ ಮನೆಯಲ್ಲೂ ಟೇಪ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಹತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ನನ್ನ ಮುಖ ನೋಡಲಿಲ್ಲ. ಟೇಪಿನ ಮೇಲೆ ಬಗ್ಗಿ, "ಎಂಬತ್ತೊಂಬತ್ತು" ಎಂದು ಓದಿ ಹೇಳಿ, ಬಂದಷ್ಟೇ ವೇಗವಾಗಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಸಂಸಾರಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವ ಕಂಪನಿಯಲ್ಲಿ ನನ್ನ ಕೆಲಸ. ಕಚೇರಿ ಜುರಾಂಗ್ ಈಸ್ಟ್‌ನಲ್ಲಿ, ಗೋದಾಮು ಬುಕಿತ್ ಬಾಟೋಕ್‌ನಲ್ಲಿ. ಸಾಮಾನು ಅಳೆದು, ಹಡಗಿಗೆ ಯಾವುದು ವಿಮಾನಕ್ಕೆ ಯಾವುದು ಎಂದು ವಿಂಗಡಿಸಿ, ಪ್ಯಾಕಿಂಗ್ ದಿನ ಗೊತ್ತುಮಾಡಿ, ಕಸ್ಟಮ್ಸ್ ಕಾಗದ ಹೊಂದಿಸುವವರೆಗೆ ಒಂದು ಮನೆಯ ಜವಾಬ್ದಾರಿ ನನ್ನದು. ಈ ಮನೆಯವರು ಮೈಸೂರಿನವರು. ತಂದೆ ಕಂಪ್ಯೂಟರ್ ಸೆಕ್ಯುರಿಟಿಯ ಎಂಜಿನಿಯರ್. ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಅವರಿಗೆ ಹೊಸ ಕೆಲಸ ಸಿಕ್ಕಿತ್ತು; ಆಗಸ್ಟ್ ಮೊದಲ ವಾರ ಸೇರಬೇಕಿತ್ತು. ಬಾಲ್ಟಿಕ್ ಸಮುದ್ರದ ದಂಡೆಯ ಹಳೆಯ ಬಂದರು ಪಟ್ಟಣ ಅದು. ಕೋಟೆ ಗೋಡೆ, ಕಲ್ಲು ಹಾಸಿದ ಬೀದಿ, ಕೆಂಪು ಹೆಂಚಿನ ಮಾಡುಗಳು. ತಂದೆ ಫೋನಿನ ಮುಖಪುಟಕ್ಕೇ ಆ ಊರಿನ ಬೀದಿಯೊಂದರ ಚಿತ್ರ ಹಾಕಿಕೊಂಡಿದ್ದರು.

ನಾನು ಅಡುಗೆಮನೆಯ ಡಬ್ಬಿಗಳನ್ನು ಎಣಿಸುತ್ತಿದ್ದಾಗ ತಾಯಿ ಮೆಲ್ಲಗೆ ಕೇಳಿದರು.

"ನೀವು ಕನ್ನಡದೋರಾ ಮೇಡಂ? ಫೋನಲ್ಲಿ ಇಂಗ್ಲಿಷಲ್ಲೇ ಮಾತಾಡಿದ್ರಲ್ಲ."

"ನಂಜನಗೂಡು. ಇಲ್ಲಿಗ್ ಬಂದು ಹದಿಮೂರು ವರ್ಷ ಆಯ್ತು."

ಅವರು ಕುರ್ಚಿ ಎಳೆದುಕೊಂಡು ಕೂತರು. ಮುಂದೆ ಆಡಿದ್ದು ಇಂಗ್ಲಿಷಿನಲ್ಲಿ ಹೇಳಲು ಹಿಂಜರಿಯುತ್ತಿದ್ದ ಮಾತೆಂದು ನನಗೆ ಆಮೇಲೆ ಗೊತ್ತಾಯಿತು. "ನನ್ ಮಗಳಿಗೆ ಆಟಿಸಂ ಇದೆ. ಮನೇಲಿ ಬೇರೆ ಏನ್ ಬೇಕಾದ್ರೂ ಎತ್ಕೊಂಡ್ ಹೋಗಿ. ಅವಳ ರೂಮ್ ಇಲ್ದೆ ಅವಳು ಒಂದಿನಾನೂ ಇರಲ್ಲ."

"ಒಂದಿನಾನೂ?"

"ಹೋದ್ ವರ್ಷ ಗೋಡೆಗೆ ಪೇಂಟ್ ಹೊಡ್ಸಿದ್ರು. ಎರಡು ದಿನ ಹಾಲಲ್ಲಿ ಮಲಗಿಸ್ದೆ. ಆಮೇಲೆ ಮೂರು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಬರೀ ಮೊಸರನ್ನ, ಅದೂ ನಾಲ್ಕು ತುತ್ತು. ಸ್ಕೂಲಿಗೆ ಲಿಫ್ಟ್ ತನಕ ಹೋಗಿ ವಾಪಸ್ ಬಂದ್ಬಿಡೋಳು."

ಆ ಕೋಣೆಯನ್ನು ನೋಡಿದೆ. ಎಡಗೋಡೆಗೆ ಮಂಚ, ಬಲಗೋಡೆಗೆ ಮೇಜು, ಬಾಗಿಲಿಗೆ ನೇರ ಎದುರು ಕಿಟಕಿ, ನೀಲಿ ಪರದೆ. ಪುಸ್ತಕದ ಕಪಾಟು. ಗೋಡೆಯಲ್ಲಿ ಪುಂಗೋಲನ್ನು ಸುತ್ತುವ ಪುಟ್ಟ ರೈಲು ಎಲ್‌ಆರ್‌ಟಿಯ ನಿಲ್ದಾಣಗಳ ಪಟ್ಟಿ, ಅವಳದೇ ಕೈಬರಹ. ಚಾವಣಿಯಲ್ಲಿ ಹಳೆಯದೊಂದು ಫ್ಯಾನ್. ಅದು ಪ್ರತಿ ಸುತ್ತಿಗೂ ಒಂದು ಸಲ ಟಕ್ ಎನ್ನುತ್ತಿತ್ತು. ರೆಗ್ಯುಲೇಟರ್ ಎರಡರಲ್ಲೇ ಇರಬೇಕು; ಆ ಸದ್ದು ಕೇಳುತ್ತಲೇ ಅವಳು ನಿದ್ದೆ ಹೋಗುವುದು.

ನಮ್ಮ ಕಸುಬಿನಲ್ಲಿ ಈ ಬೇಡಿಕೆಗೆ ಉತ್ತರವೇ ಇಲ್ಲ. ಈಗ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುವುದರಿಂದ ಹಡಗಿನ ಸಾಮಾನು ಯೂರೋಪ್ ಮುಟ್ಟಲು ಎರಡು ತಿಂಗಳ ಮೇಲೆ ಬೇಕು. ವಿಮಾನದಲ್ಲಿ ಕಳಿಸಿದರೂ ಕಸ್ಟಮ್ಸ್ ಸೇರಿ ವಾರ, ಹತ್ತು ದಿನ. ಒಂದೇ ಕೋಣೆ ಒಂದೇ ದಿನ ಪುಂಗೋಲ್‌ನಲ್ಲೂ ಟ್ಯಾಲಿನ್‌ನಲ್ಲೂ ಇರಲು ಸಾಧ್ಯವಿಲ್ಲ. "ನೋಡ್ತೀನಿ" ಎಂದಷ್ಟೇ ಹೇಳಿ ಬಂದೆ.

ನನ್ನ ಮೊದಲ ಯೋಜನೆ ಸರಳವಾಗಿತ್ತು. ಕೋಣೆಯನ್ನು ಕೊನೆಯ ದಿನ ಬೆಳಿಗ್ಗೆ ಬಿಚ್ಚುವುದು, ವಿಮಾನದಲ್ಲಿ ಕಳಿಸುವುದು, ನಡುವಿನ ದಿನಗಳನ್ನು ಹೇಗೋ ಹೋಟೆಲಿನಲ್ಲಿ ಕಳೆಯುವುದು. ಹುಡುಗಿಗೆ ರಟ್ಟಿನ ಪೆಟ್ಟಿಗೆಗಳು ರೂಢಿಯಾಗಲಿ ಎಂದು ಪ್ರಯಾಣಕ್ಕೆ ಏಳು ವಾರ ಇರುವಾಗಲೇ ನಮ್ಮ ಪ್ಯಾಕಿಂಗ್ ತಂಡದ ಮುಖ್ಯಸ್ಥರನ್ನು ಕರೆದುಕೊಂಡು ಹೋದೆ. ಅವರು ಮಲಾಯ್ ಹಿರಿಯರು, ಮೂವತ್ತು ವರ್ಷದ ಅನುಭವಿ. ಎಲ್ಲರಂತೆ ನಾನೂ ಅವರನ್ನು ಅಂಕಲ್ ಎನ್ನುತ್ತೇನೆ. ಹಾಲಿನಲ್ಲಿ ಮೂರು ಪೆಟ್ಟಿಗೆ ಬಿಡಿಸಿ, ತಳಕ್ಕೆ ಟೇಪ್ ಎಳೆದರು. ಪ್ಲಾಸ್ಟಿಕ್ ಟೇಪನ್ನು ಉರುಳೆಯಿಂದ ಎಳೆಯುವಾಗ ಬರುವ ಆ ಕಿರ್ರೆನ್ನುವ ಸದ್ದು ನಮಗೆ ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಮೂರನೆಯ ಪೆಟ್ಟಿಗೆ ಮುಗಿಯುವುದರೊಳಗೆ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಬಟ್ಟೆಯ ಬೀರುವಿನೊಳಗೆ ಹೋಗಿ ಕೂತಿದ್ದಳು. ತಾಯಿ ಹೊರಗೆ ನೆಲದ ಮೇಲೆ ಕೂತು ನಿಲ್ದಾಣಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದರು, ಒಳಗಿನಿಂದ ಉತ್ತರವಿಲ್ಲ. ನಾವು ಪೆಟ್ಟಿಗೆ ಮಡಚಿಕೊಂಡು ಹೊರಟೆವು. ಸಂಜೆ ತಾಯಿ ಮೆಸೇಜ್ ಮಾಡಿದರು: "ಈಗ ಆಚೆ ಬಂದ್ಳು. ನಾಲ್ಕು ಗಂಟೆ ಹೊತ್ತು ಒಳಗೇ ಇದ್ಳು."

ಮರುದಿನ ತಂದೆಯ ಫೋನ್.

"ಇದು ಆಗಲ್ಲ ಮೇಡಂ. ಇವರಿಬ್ಬರ ಟಿಕೆಟ್ ಕ್ಯಾನ್ಸಲ್ ಮಾಡ್ಸ್ತೀನಿ. ನಾನೊಬ್ಬನೇ ಹೋಗ್ತೀನಿ."

ಅದು ಕೋಪದಲ್ಲಿ ಆಡಿದ ಮಾತಲ್ಲ, ಸೋತು ಆಡಿದ್ದು. ಇಲ್ಲಿನ ಕೆಲಸ ಬಿಟ್ಟ ಮೇಲೆ ಈ ದೇಶದಲ್ಲಿರಲು ಕೊಟ್ಟ ಅವರ ಪಾಸ್ ಮುಗಿಯುತ್ತಿತ್ತು, ಅದನ್ನು ನಂಬಿದ್ದ ಹೆಂಡತಿ ಮಗಳ ಪಾಸೂ. ಅವರಿಬ್ಬರು ಸಿಂಗಾಪುರದಲ್ಲೇ ಉಳಿಯುವ ದಾರಿ ಇರಲಿಲ್ಲ. ಮೈಸೂರಿನಲ್ಲಿ ಬಂಧುಗಳ ಮನೆಗೆ ಹೋಗಬೇಕು. ಅಂದರೆ ಹೇಗಿದ್ದರೂ ಹುಡುಗಿಗೆ ಹೊಸ ಕೋಣೆ, ಜೊತೆಗೆ ಅಪ್ಪನೂ ಇಲ್ಲ. "ಎರಡು ವಾರ ಟೈಮ್ ಕೊಡಿ ಸರ್. ಟಿಕೆಟ್ ಹಾಗೇ ಇರ್ಲಿ" ಎಂದೆ. ಯಾವ ಧೈರ್ಯದಲ್ಲಿ ಅಂದೆನೋ ಗೊತ್ತಿಲ್ಲ. ನನ್ನ ಬಳಿ ಯೋಜನೆಯೇ ಇರಲಿಲ್ಲ.

ಆ ವಾರವೇ ಇನ್ನೊಂದು ತೊಡಕು ಎದುರಾಯಿತು. ಟ್ಯಾಲಿನ್‌ನಲ್ಲಿ ನಮ್ಮ ಪರವಾಗಿ ಮನೆ ಹುಡುಕುವ ಕೆಲಸ ಅಲ್ಲಿನ ಮಹಿಳೆಯೊಬ್ಬರದು. ಎರಡು ಮಾತಿನ ಕಡೆ ಒಂದೇ ಮಾತಾಡುವವರು. ತಂದೆ ಮೆಚ್ಚಿ, ಕರಾರಿಗೆ ಸಹಿ ಹಾಕಲು ಕಾದಿದ್ದ ಮನೆಯ ವಿಡಿಯೋ ಕಳಿಸಿದರು. ಹಳೇ ಪಟ್ಟಣದ ನಡುವೆ, ನೂರಾರು ವರ್ಷದ ಹಿಂದೆ ವ್ಯಾಪಾರಿಗಳಿದ್ದ ಕಟ್ಟಡ. ಕಲ್ಲಿನ ಸುತ್ತು ಮೆಟ್ಟಿಲು. ಮಗಳಿಗೆಂದು ಗುರುತಿಸಿದ ಕೋಣೆಯ ಚಾವಣಿ ಒಂದು ಕಡೆಗೆ ಇಳಿಜಾರು. ತೊಲೆಗಳ ಮೇಲೆ ಹಳೆಯ ಬಣ್ಣದ ಚಿತ್ತಾರವಿರುವುದರಿಂದ ಮೊಳೆ ಕೂಡ ಹೊಡೆಯುವಂತಿಲ್ಲ. ಕಿಟಕಿ ಬಾಗಿಲಿನ ಪಕ್ಕದಲ್ಲೇ, ಮೊಣಕಾಲಿನ ಎತ್ತರದಲ್ಲಿ. ನೋಡಲು ಅದ್ಭುತವಾದ ಮನೆ. ಯಾರಾದರೂ ಬಯಸಬಹುದು. ವಿಡಿಯೋ ಮುಗಿಯುವ ಹೊತ್ತಿಗೆ ತೀರಾ ಹತ್ತಿರದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಕಚೇರಿಯಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮನೆಯ ಆಯ್ಕೆಯಲ್ಲಿ ಬಾಯಿ ಹಾಕುವುದು ನನ್ನ ಕೆಲಸವಲ್ಲ. ಗ್ರಾಹಕರು ಒಪ್ಪಿದ ವಿಳಾಸಕ್ಕೆ ಸಾಮಾನು ತಲುಪಿಸುವುದು ನನ್ನ ಕೆಲಸ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ತಂದೆ ಕಾಗದಗಳಿಗೆಂದು ಜುರಾಂಗ್ ಈಸ್ಟ್‌ಗೆ ಬಂದಾಗ, ಕೆಳಗಿನ ಹಾಕರ್ ಸೆಂಟರ್ ಎಂಬ ತಿಂಡಿ ಅಂಗಡಿಗಳ ಸಾಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ.

"ಸರ್, ಆ ಮನೇಲಿ ಫ್ಯಾನ್ ಹಾಕಕ್ಕಾಗಲ್ಲ" ಎಂದೆ. ಅಲ್ಲಿಂದ ಶುರು ಮಾಡುವುದು ನನಗೆ ಸುಲಭವಾಗಿತ್ತು.

"ಅಲ್ಲಿ ಚಳಿ ಮೇಡಂ. ಫ್ಯಾನ್ ಯಾರಿಗ್ ಬೇಕು?"

"ನಿಮ್ ಮಗಳಿಗೆ."

ಅವರು ಕಪ್ಪು ಕೆಳಗಿಟ್ಟರು. ನಾನು ಉಳಿದದ್ದನ್ನೂ ಹೇಳಿದೆ. ಇಳಿಜಾರು ಚಾವಣಿ, ತಪ್ಪು ಜಾಗದ ಕಿಟಕಿ, ಗಂಟೆ.

"ನೀವು ಸಾಮಾನು ಕಳಿಸೋರು" ಎಂದರು. ಧ್ವನಿ ಬಿಗಿಯಾಗಿತ್ತು. "ಮನೆ ಯಾವ್ದು ಅಂತ ನಾವು ನೋಡ್ಕೋತೀವಿ. ಇಲ್ಲಿ ನಾವಿರೋ ಬ್ಲಾಕ್ ನೋಡಿದೀರಲ್ಲ, ಎಲ್ಲಾ ಒಂದೇ ಥರ. ಲೈಫಲ್ಲಿ ಒಂದ್ಸಲ ಅಂಥ ಮನೇಲಿ ಇರೋ ಚಾನ್ಸ್ ಬಂದಿದೆ."

"ತಪ್ಪು ತಿಳ್ಕೋಬೇಡಿ ಸರ್. ಸಾಮಾನು ಇಡೋ ಜಾಗ ಸರಿ ಇಲ್ಲ ಅಂತ ಗೊತ್ತಿದ್ದೂ ಹೇಳ್ದೇ ಕಳಿಸಿದ್ರೆ ಅದು ನನ್ ತಪ್ಪಾಗತ್ತೆ. ಒಂದು ಕೆಲ್ಸ ಮಾಡಿ. ಆ ವಿಡಿಯೋನ ಅವಳ ಮುಂದೆ ಸೌಂಡ್ ಹಾಕಿ ತೋರ್ಸಿ. ಆಮೇಲೂ ನೀವು ಸರಿ ಅಂದ್ರೆ ನಾನು ಮಾತಾಡಲ್ಲ."

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ದೂರು ಹೋಗುತ್ತದೆ ಎಂದೇ ಎಣಿಸಿದ್ದೆ; ಮ್ಯಾನೇಜರಿಗೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಮರುದಿನ ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ನಿಂತಿದ್ದಾಗ ಮೆಸೇಜ್ ಬಂತು. "ತೋರಿಸಿದೆ. ಬೀರು ಬಾಗಿಲು ಹಾಕ್ಕೊಂಡ್ಳು. ಬೇರೆ ಮನೆ ನೋಡೋಣ." ಅವರಿಗೆ ಅದನ್ನು ಬರೆಯುವುದು ಎಷ್ಟು ಕಷ್ಟವಾಗಿರಬೇಕು ಎಂದು ಆ ಜನಜಂಗುಳಿಯಲ್ಲೂ ಅನ್ನಿಸಿತು.

ಟ್ಯಾಲಿನ್‌ನ ಮಹಿಳೆಗೆ ಹೊಸ ಪಟ್ಟಿ ಕಳಿಸಿದೆ. ಮೂರು ಮೀಟರ್ ಆಸುಪಾಸಿನ ಚೌಕ ಕೋಣೆ. ಬಾಗಿಲಿಗೆ ಎದುರು ಕಿಟಕಿ. ಕೊಕ್ಕೆ ಹಾಕಲು ಬರುವ ಕಾಂಕ್ರೀಟ್ ಚಾವಣಿ. ಲಿಫ್ಟ್. ಹತ್ತಿರ ಗಂಟೆ ಹೊಡೆಯುವ ಯಾವುದೂ ಇರಬಾರದು. ಅವರು ವಿಡಿಯೋ ಕರೆಯಲ್ಲಿ ಪಟ್ಟಿಯನ್ನು ಇನ್ನೊಮ್ಮೆ ಓದಿ, "ಇಲ್ಲಿಗೆ ಬರುವವರೆಲ್ಲ ಹಳೇ ಪಟ್ಟಣವೇ ಬೇಕು ಅನ್ನುತ್ತಾರೆ. ನೀವು ನಾನು ಹುಟ್ಟಿ ಬೆಳೆದಂಥ ಮನೆ ಕೇಳುತ್ತಿದ್ದೀರಿ" ಎಂದರು. ಕಾರಣ ಹೇಳಿದೆ. ಅಂದಿನಿಂದ ಅವರು ನೋಡಿದ ಪ್ರತಿ ಮನೆಯಲ್ಲೂ ಮೊದಲು ಕಣ್ಣು ಮುಚ್ಚಿ ಐದು ನಿಮಿಷ ಸದ್ದು ಆಲಿಸಿ, ಆಮೇಲೆ ಟೇಪ್ ಹಿಡಿಯುತ್ತಿದ್ದರಂತೆ.

ನಾಲ್ಕನೆಯ ಮನೆ ಹೊಂದಿತು. ಊರಿನ ಅಂಚಿನಲ್ಲಿ, ಸೋವಿಯತ್ ಕಾಲದಲ್ಲಿ ಕಟ್ಟಿದ ಬಡಾವಣೆ. ನಡುವೆ ಒಂದು ಕೊಳ, ಅದರ ಸುತ್ತ ಉಂಗುರದಂತೆ ರಸ್ತೆ, ರಸ್ತೆಯ ಉದ್ದಕ್ಕೂ ಒಂದೇ ಬಗೆಯ ಎತ್ತರದ ಬ್ಲಾಕುಗಳು. ಬಸ್ಸು ಆ ಉಂಗುರವನ್ನು ಸುತ್ತಿಕೊಂಡು ಬರುತ್ತದೆ. ನಕ್ಷೆಯ ಮೇಲೆ ತಾಯಿ ಬಸ್ಸಿನ ದಾರಿಯನ್ನು ಬೆರಳಿನಿಂದ ಒಂದು ಸುತ್ತು ಎಳೆದರು. ಪುಂಗೋಲ್‌ನಲ್ಲಿ ಪ್ರತಿ ಶನಿವಾರ ಎಲ್‌ಆರ್‌ಟಿಯ ಮುಂದಿನ ಕಿಟಕಿಗೆ ಅಂಟಿ ನಿಂತು, ಹತ್ತಿದ ನಿಲ್ದಾಣಕ್ಕೇ ಬಂದು ಇಳಿಯುವುದು ಅವರ ಮಗಳ ಹಬ್ಬ. "ಸುತ್ತು ಹೊಡ್ಯತ್ತೆ ಮೇಡಂ, ಬಸ್ಸು" ಎಂದರು ಆಮೇಲೆ. ಕೋಣೆ ಅಗಲದಲ್ಲಿ ಇಪ್ಪತ್ತು ಸೆಂಟಿಮೀಟರ್ ಕಡಿಮೆ ಇತ್ತು. ಮಂಚ ಮತ್ತು ಮೇಜಿನ ನಡುವಿನ ಜಾಗ ಅಷ್ಟು ಕಿರಿದಾಗುತ್ತದೆ, ಉಳಿದದ್ದೆಲ್ಲ ಹಾಗೇ ಕೂರುತ್ತದೆ ಎಂದು ಲೆಕ್ಕ ಹಾಕಿದೆ.

ಇನ್ನು ಪ್ಯಾಕಿಂಗ್. ಬುಕಿತ್ ಬಾಟೋಕ್ ಗೋದಾಮಿನಲ್ಲಿ ಅಂಕಲ್ ಜೊತೆ ಕೂತು ಎಷ್ಟು ಬಗೆಯಲ್ಲಿ ಯೋಚಿಸಿದರೂ ಕೊನೆಗೆ ಅದೇ ಗಂಟು: ನಾವು ಹೋಗಿ ಅವಳ ಕೋಣೆಯನ್ನು ಬಿಚ್ಚಬೇಕು. ಆಗ ನೆನಪಾದದ್ದು ಸರ್ವೆಯ ದಿನ ಅವಳು ಟೇಪ್ ಓದಿದ್ದು. ಬಾಗಿಲಿಗೆ ಬಂದ ಅಪರಿಚಿತಳಿಗೆ ಹೆದರುವ ಹುಡುಗಿ, ಅಳತೆ ನೋಡಲು ಮಾತ್ರ ಹೊರಗೆ ಬಂದಿದ್ದಳು. ಕೋಣೆ ಅವಳದು, ಬಿಚ್ಚುವವರು ಮಾತ್ರ ನಾವೇಕೆ? ಪಟ್ಟಿ ಅವಳೇ ಮಾಡಲಿ. ದಿನಕ್ಕೆ ಒಂದೇ ವಸ್ತು ಹೋಗಲಿ, ಯಾವುದು ಎಂದು ಅವಳೇ ಹೇಳಲಿ. ಹೋದ ವಸ್ತು ಮುಂದೆ ಹೋಗಿ ಅವಳಿಗಾಗಿ ಕಾಯಲಿ.

ತಾಯಿ ಅವಳ ಥೆರಪಿಸ್ಟರನ್ನು ಕೇಳಿದರು. ಗೊತ್ತಿರುವ ಜಾಗದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ಹೊತ್ತು, ಅದೇ ಮುಖ ಎಂದರೆ ಆಗಬಹುದು ಎಂದರಂತೆ. ಅಂಕಲ್ ಮಾತ್ರ ಒಪ್ಪಲಿಲ್ಲ. ಮಗು ಸುತ್ತಿದ ಸಾಮಾನು ಒಡೆದರೆ ವಿಮೆ ಬರುವುದಿಲ್ಲ. ಒಂದು ಲಾರಿ ದಿನಾ ಪುಂಗೋಲ್‌ಗೆ ಹೋಗಿ ಒಂದೇ ವಸ್ತು ತರುವುದು ಯಾವ ಲೆಕ್ಕ? ನಾನು ವಾದಿಸಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದ ತಾಯಿಯನ್ನು ಅವರೂ ನೋಡಿದ್ದರು. ಸಂಜೆ ಅವರೇ ಫೋನ್ ಮಾಡಿದರು. ಅವರ ಮನೆ ಇರುವುದು ಸೆಂಗ್‌ಕಾಂಗ್‌ನಲ್ಲಿ, ಪುಂಗೋಲ್‌ನ ಪಕ್ಕ. ಕೆಲಸ ಮುಗಿಸಿ ಹೋಗುವಾಗ ಅವರೇ ಬರುತ್ತಾರೆ. "ಅದೇ ಟೈಮ್, ಆಗತ್ತೆ. ಅದೇ ಮನುಷ್ಯ, ಆಗತ್ತೆ. ಅದೇ ಟ್ರಾಫಿಕ್ ಮಾತ್ರ ಗ್ಯಾರಂಟಿ ಇಲ್ಲ ಲಾ" ಎಂದರು, ಮಾತಿನ ಕೊನೆಗೆ ಲಾ ಸೇರಿಸುವ ಸಿಂಗಾಪುರದ ಇಂಗ್ಲಿಷಿನಲ್ಲಿ. ಪ್ಲಾಸ್ಟಿಕ್ ಟೇಪ್ ಬದಲು ನೀರು ಹಚ್ಚಿ ಅಂಟಿಸುವ ಕಾಗದದ ಪಟ್ಟಿ ತರುವ ಯೋಚನೆಯೂ ಅವರದೇ. ಅದು ಸದ್ದು ಮಾಡುವುದಿಲ್ಲ.

ಪಟ್ಟಿ ಮಾಡಿದ ದಿನ ನಾನು ಅವಳ ಕೋಣೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತೆ. ಟೇಪನ್ನು ಒಳಕ್ಕೆ ಉರುಳಿಸಿದೆ. ಸುಮಾರು ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಸಂಖ್ಯೆಗಳು ಬರತೊಡಗಿದವು.

"ಟೇಬಲ್. ನೂರಿಪ್ಪತ್ತು. ಅರವತ್ತು. ಎಪ್ಪತ್ತನಾಲ್ಕು."

ಬರೆದುಕೊಂಡೆ. ಒಂದೂವರೆ ಗಂಟೆಯಲ್ಲಿ ಕೋಣೆಯೆಲ್ಲ ಮುಗಿಯಿತು. ಗೋಡೆಯಿಂದ ಮೇಜಿಗೆ ಎಷ್ಟು ದೂರ, ಮೇಜಿನ ತುದಿಯಿಂದ ದೀಪಕ್ಕೆ ಎಷ್ಟು ಎಂದೂ ಹೇಳಿದಳು. ಇಪ್ಪತ್ತು ವರ್ಷ ಅನುಭವದ ಸರ್ವೇಯರುಗಳೂ ಬಿಟ್ಟುಬಿಡುವ ಅಳತೆಗಳವು. ಮಂಚವೂ ಕಪಾಟೂ ಎರಡೂ ಊರುಗಳಲ್ಲಿ ಶಾಖೆ ಇರುವ ಅಂಗಡಿಯವು. ಅದೇ ಮಾದರಿ ಅಲ್ಲಿ ಸಿಗುತ್ತಿತ್ತು. ಉಳಿದ ಹದಿನಾಲ್ಕು ವಸ್ತು ಇಲ್ಲಿಂದ ಹೋಗಬೇಕು. ತಾಯಿ ಹದಿನಾಲ್ಕು ಚೀಟಿ ಕೊಟ್ಟರು. ಅವಳು ಒಂದು ಎಂದು ಬರೆದು ಕಸದ ಬುಟ್ಟಿಗೆ ಅಂಟಿಸಿದಳು.

"ಇದು ಫಸ್ಟಾ?" ತಾಯಿ ಕೇಳಿದರು.

"ಫಸ್ಟ್ ಲಾ" ಎಂದಳು.

ಸೋಮವಾರ ಸಂಜೆ ಆರಕ್ಕೆ ಅಂಕಲ್ ಬಂದರು. ಹುಡುಗಿ ಬುಟ್ಟಿಯನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದಳು, ಅದನ್ನು ಕೊಟ್ಟು ಬಾಗಿಲು ಹಾಕಿಕೊಂಡಳು. ಗೋದಾಮಿನಲ್ಲಿ ಅಂಕಲ್ ಆ ಕಾಗದದ ಮೇಲೆಯೇ ಇನ್ನೊಂದು ಪದರ ಸುತ್ತಿ, ಅವಳು ಅಂಟಿಸಿದ್ದನ್ನು ಬಿಚ್ಚದೆ, ಪೆಟ್ಟಿಗೆಗೆ ಇಳಿಸಿದರು. ಎರಡನೆಯ ದಿನ ದೀಪ. ಮೂರನೆಯ ದಿನ ಅವರು ಐದೂವರೆಗೇ ಬಂದು, ಟ್ರಾಫಿಕ್‌ಗೆ ಹೆದರಿ, ವಾಯ್ಡ್ ಡೆಕ್ ಎನ್ನುವ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ ಕೂತು ಆರಾಗುವುದನ್ನು ಕಾದರು. ಆಮೇಲೆ ದಿನವೂ ಹಾಗೆಯೇ. ಹೋದ ವಸ್ತುವಿನ ಜಾಗಕ್ಕೆ ತಾಯಿ ಯಾವುದೋ ಒಂದನ್ನು ಇಡುತ್ತಿದ್ದರು. ಗೋಡೆಗೆ ಅಂಟಿಸಿದ್ದ ಸಾಮಾನಿನ ಪಟ್ಟಿಯಲ್ಲಿ ಹುಡುಗಿ ಆ ಸಂಖ್ಯೆಗೆ ಗೆರೆ ಹಾಕುತ್ತಿದ್ದಳು.

ಐದನೆಯ ಸಂಖ್ಯೆ ಫ್ಯಾನಿನದು. ಆಗ ಹೊಳೆಯಿತು ನನಗೆ: ಅದು ಬಾಡಿಗೆ ಮನೆ, ಫ್ಯಾನ್ ಮನೆಯೊಡತಿಯದು. ಇಂಥ ಸಣ್ಣ ಮರೆವಿಗೆ ನಾನು ಕಿರಿಯರನ್ನು ಗದರಿಸುತ್ತಿರುತ್ತೇನೆ. ಮನೆಯೊಡತಿ ಎಪ್ಪತ್ತು ದಾಟಿದ ಚೀನೀ ಆಂಟಿ. ಫೋನಿನಲ್ಲಿ ನನ್ನ ಮಾತು ಕೇಳಿ, ಹಳೇ ಫ್ಯಾನ್ ಯಾಕೆ, ಅದು ಟಕ್ ಟಕ್ ಅನ್ನುತ್ತದೆ, ಯೂರೋಪಿನಲ್ಲಿ ಹೊಸದು ಸಿಗುವುದಿಲ್ಲವೇ ಎಂದು ಕೇಳಿದರು. ಟಕ್ ಎನ್ನುವುದಕ್ಕೇ ಬೇಕಾಗಿರುವುದು ಎಂದೆ. "ಆ ಹುಡುಗಿಗಾ?" ಎಂದರು. ಲಿಫ್ಟಿನಲ್ಲಿ ಅವಳನ್ನು ನೋಡಿದ್ದಾರಂತೆ, ಮಹಡಿಗಳ ಸಂಖ್ಯೆ ಜೋರಾಗಿ ಹೇಳುತ್ತಾಳೆ. "ತಗೊಂಡು ಹೋಗಲಿ. ಇಲ್ಲಿಗೆ ಹೊಸದು ಹಾಕಿಸಿಬಿಡಿ."

ಹೊಸ ಫ್ಯಾನ್ ಸದ್ದೇ ಮಾಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತಾಯಿಯ ಫೋನ್ ಬಂದಾಗ ಮೊದಲ ರಿಂಗಿಗೇ ತೆಗೆದೆ.

"ಮಲಗ್ದೋಳು ಎದ್ದು ಫ್ಯಾನ್ ಕೆಳಗೆ ನಿಂತ್ಕೊಂಡ್ಳು ಮೇಡಂ. ನಾನು ಪಟ್ಟಿ ತೋರಿಸ್ದೆ. ಐದು ಟ್ಯಾಲಿನ್‌ಗೆ ಹೋಗಿದೆ ಕಣಮ್ಮ ಅಂದೆ. ಪಟ್ಟಿ ಮುಟ್ಟಿ ನೋಡಿದ್ಳು, ಹೋಗಿ ಮಲಗಿದ್ಳು."

"ಊಟ?"

"ಮಾಡಿದ್ಳು. ಚಪಾತಿ."

ಅಲ್ಲಿಯವರೆಗೆ ಇದು ಆದೀತು ಎಂದು ನಾನೇ ನಂಬಿರಲಿಲ್ಲ. ಅಂದು ನಂಬಿದೆ.

ಹದಿನಾಲ್ಕನೆಯ ದಿನ ನಿಲ್ದಾಣಗಳ ಪಟ್ಟಿಯನ್ನು ಸುರುಳಿ ಸುತ್ತಿ ಕೊಟ್ಟಳು. ಎಲ್ಲವೂ ಒಂದೇ ಏರ್ ಕಾರ್ಗೋ ಆಗಿ ಹೊರಟಿತು. ತಂದೆ ಎರಡು ವಾರ ಮೊದಲೇ ಹೋದರು, ಕೈಯಲ್ಲಿ ಮಗಳ ಅಳತೆಗಳಿಂದ ನಾನು ಬರೆದ ನಕ್ಷೆ. ಮನೆಯ ಉಳಿದ ಸಾಮಾನನ್ನು ತಾಯಿ ಮಗಳು ವಿಮಾನ ಹತ್ತಿದ ಮೇಲೆ ನಾವೇ ಕಟ್ಟಿ ಹಡಗಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಅದು ಮುಟ್ಟುವವರೆಗೆ ಅಲ್ಲಿ ಸೋಫಾ ಇಲ್ಲ, ಪಾತ್ರೆ ಇಲ್ಲ. "ನಾವಿಬ್ಬರು ನೆಲದ್ ಮೇಲ್ ಮಲಗ್ತೀವಿ, ಪರವಾಗಿಲ್ಲ" ಎಂದಿದ್ದರು ತಾಯಿ.

ವಿಮಾನಕ್ಕೆ ಐದು ದಿನ ಇರುವಾಗ ಸಾಮಾನು ಟ್ಯಾಲಿನ್‌ನ ಕಸ್ಟಮ್ಸ್‌ನಲ್ಲಿ ನಿಂತಿತು. ಬಳಸಿದ ಮನೆಸಾಮಾನು ಎಂದು ಬಿಡಬೇಕಾದರೆ ಆ ಊರಿನಲ್ಲಿ ವಾಸವಿರುವ ಪುರಾವೆ ಬೇಕು. ತಂದೆಯ ವಿಳಾಸ ನೋಂದಣಿಯ ಅರ್ಜಿ ಹೋಗಿತ್ತು, ಅದು ಇನ್ನೂ ದಾಖಲಾಗಿರಲಿಲ್ಲ. ನಮ್ಮ ಮಧ್ಯಾಹ್ನ ಮೂರು ಅಂದರೆ ಅಲ್ಲಿ ಬೆಳಿಗ್ಗೆ ಹತ್ತು. ಸೋಮವಾರ, ಮಂಗಳವಾರ, ಬುಧವಾರ ಅದೇ ಹೊತ್ತಿಗೆ ಫೋನ್. ಪ್ರಯಾಣ ಮುಂದೂಡುವುದೇ ಎಂದು ತಂದೆ ಕೇಳಿದರು. ಕ್ಯಾಲೆಂಡರಿನಲ್ಲಿ ಹುಡುಗಿ ಆ ಶನಿವಾರವನ್ನು ಕೆಂಪಿನಲ್ಲಿ ಸುತ್ತಿದ್ದಳು. ದಿನ ಬದಲಾದರೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ. "ಬೇಡ ಸರ್, ಶನಿವಾರಾನೇ" ಎಂದೆ. ಗುರುವಾರ ಅಲ್ಲಿನ ಮಹಿಳೆ ತಂದೆಯನ್ನು ಕರೆದುಕೊಂಡು ನೋಂದಣಿ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಪುರಾವೆ ಕೈಗೆ ಬಂತು. ಸಂಜೆ ಸಾಮಾನು ಬಿಟ್ಟರು. ಕಾಗದದ ಪ್ರತಿ ನನ್ನ ಪರದೆಯ ಮೇಲೆ ಬಂದಾಗ ಅದನ್ನು ಹಾಗೇ ತಾಯಿಗೆ ಕಳಿಸಿದೆ.

ಶುಕ್ರವಾರ ಕೋಣೆ ಸಿದ್ಧವಾಯಿತು. ತಂದೆ ಫೋಟೋ ಕಳಿಸಿದರು: ಮಂಚ, ಮೇಜು, ದೀಪ, ನೀಲಿ ಪರದೆ, ಮೇಲೆ ಫ್ಯಾನ್. ಎಲ್ಲವೂ ಸರಿ. ಆದರೆ ಮಂಚದ ಮೇಲೆ ಬಿಸಿಲಿನ ಪಟ್ಟಿ ಬಿದ್ದಿತ್ತು. ಶನಿವಾರ ಅಲ್ಲಿ ಬೆಳಗಾಗುತ್ತಲೇ ಫೋನ್ ಮಾಡಿದೆ.

"ಫೋಟೋ ಎಷ್ಟೊತ್ತಿಗೆ ತೆಗೆದ್ರಿ ಸರ್?"

"ನಿನ್ನೆ. ಒಂಬತ್ತೂಕಾಲು."

"ಬೆಳಿಗ್ಗೆನಾ?"

"ಇಲ್ಲ, ರಾತ್ರಿ" ಎಂದರು.

ವರ್ಷವಿಡೀ ಸಂಜೆ ಏಳಕ್ಕೆ ಕತ್ತಲಾಗುವ ಊರಿನಲ್ಲಿದ್ದ ನಾವು ಯಾರೂ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗದ ಆ ಉತ್ತರದ ಬೇಸಿಗೆಯನ್ನು ಯೋಚಿಸಿಯೇ ಇರಲಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಕೋಣೆ ಸಾಗಿಸಿದವರು ಸೂರ್ಯನನ್ನು ಮರೆತಿದ್ದೆವು. ಪರದೆ ತೆಗೆಯಬೇಡಿ, ಹಿಂದೆ ದಪ್ಪ ಕಪ್ಪು ಬಟ್ಟೆ ಪಿನ್ ಮಾಡಿ, ಅಂಚಿನಲ್ಲೂ ಬೆಳಕು ನುಸುಳದಂತೆ ನೋಡಿ ಎಂದೆ. ಅಂದೇ ಅವರು ಅಂಗಡಿ ಅಲೆದು ಬಟ್ಟೆ ತಂದರು, ಪಿನ್ ಹಾಕುತ್ತಾ ಬೆರಳಿಗೂ ಚುಚ್ಚಿಕೊಂಡರು.

ಶನಿವಾರ ರಾತ್ರಿ ತಾಯಿ ಮಗಳು ವಿಮಾನ ಹತ್ತಿದರು. ಭಾನುವಾರ ನಾನು ರಜೆಯಲ್ಲಿದ್ದೆ. ಫೋನನ್ನು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟುಕೊಂಡಿದ್ದೆ. ಸಂಜೆಯ ಹೊತ್ತಿಗೆ ಎರಡು ನಿಮಿಷದ ವಿಡಿಯೋ ಬಂತು. ಹುಡುಗಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಕೋಣೆಯೊಳಗೆ ಬರುತ್ತಾಳೆ. ಕಸದ ಬುಟ್ಟಿ ಮುಟ್ಟುತ್ತಾಳೆ. ದೀಪ. ಪ್ರತಿಯೊಂದರ ಮೇಲಿನ ಚೀಟಿ ಮುಟ್ಟುತ್ತಾ, ಫ್ಯಾನಿಗೆ ಮಾತ್ರ ಬೆರಳು ತೋರಿಸಿ, ಹದಿನಾಲ್ಕರವರೆಗೆ ಎಣಿಸುತ್ತಾಳೆ. ಆಮೇಲೆ ರೆಗ್ಯುಲೇಟರ್ ಎರಡಕ್ಕೆ ತಿರುಗಿಸಿ ಮಲಗಿಕೊಂಡು ಮೇಲೆ ನೋಡುತ್ತಾಳೆ. ಟಕ್, ಟಕ್. ವಿಡಿಯೋ ಹಿಡಿದವರ ಉಸಿರು ಕೇಳಿಸುತ್ತಿತ್ತು. ಕೆಳಗೆ ತಾಯಿಯ ಸಾಲು: "ಬ್ಯಾಗ್ ಸಮೇತ ನಿದ್ದೆ."

ಸೋಮವಾರ ಅಂಕಲ್‌ಗೆ ಅದನ್ನು ತೋರಿಸಿದೆ. ಮೂರು ಸಲ ನೋಡಿದರು. "ನನ್ನ ಕಾಗದ ನೀಟಾಗಿ ಬಿಚ್ಚಿದ್ದಾರಾ, ಹರಿದಿದ್ದಾರಾ?" ಎಂದು ಮಾತ್ರ ಕೇಳಿದರು. ಆ ವಾರ ಪುಂಗೋಲ್ ಮನೆ ಖಾಲಿ ಮಾಡಿ, ಬೀಗದ ಕೈ ಆಂಟಿಗೆ ಒಪ್ಪಿಸಿದೆವು.

ಅವರು ಅಲ್ಲಿಗೆ ಹೋದ ಆರನೆಯ ದಿನ ತಾಯಿ ಫೋನ್ ಮಾಡಿದರು. ಧ್ವನಿ ಏರಿತ್ತು; ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

"ಟೇಬಲ್ ಎಳ್ದ್ಬಿಟ್ಳು ಮೇಡಂ!"

"ಏನು?"

"ಟೇಬಲ್ಲು! ಬೆಳಿಗ್ಗೆ ಎದ್ದು ನೋಡ್ತೀನಿ, ಗೋಡೆ ಹತ್ರ ಇಲ್ಲ. ಕಿಟಕಿ ಕೆಳಗೆ ಎಳ್ಕೊಂಡು ಕೂತಿದಾಳೆ. ಕೊಳದಲ್ಲಿ ಬಾತುಕೋಳಿ ಎಷ್ಟಿದೆ ಅಂತ ಬರೀತಾ ಇದಾಳೆ. ನನ್ನ ಕೇಳ್ಲೇ ಇಲ್ಲ ಕಣ್ರೀ!"

ಹಿಂದಿನಿಂದ ತಂದೆಯ ಧ್ವನಿ ಬಂತು. ನಕ್ಷೆಯಂತೆ ಮೇಜನ್ನು ವಾಪಸ್ ಇಡಬೇಕೇ ಎಂದು ನನ್ನನ್ನು ಕೇಳಲು ಹೇಳುತ್ತಿದ್ದರು.

"ಬೇಡ, ಹಾಗೇ ಇರ್ಲಿ ಅನ್ನಿ" ಎಂದೆ.

ತಾಯಿ ಇನ್ನೇನೋ ಹೇಳಲು ಹೋಗಿ, "ಒಂದ್ನಿಮಿಷ ಇರಿ, ಕರೀತಿದಾಳೆ, ಅದೆಂಥದ್ದೋ ಬೇರೆ ಹಕ್ಕಿ ಬಂದಿದೆಯಂತೆ" ಎಂದು ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ. ನಾನೂ ಕಾಯಲಿಲ್ಲ.